ಕಡೆಯ ಕಂಬದ ಲೆಕ್ಕ

ಬೇಸಗೆಯ ದಿನಗಳಲ್ಲಿ ತ್ರೀಫೇಸ್ ಬಂದೊಡನೆ ಅಡಕೆ ತೆಂಗಿನ ತೋಟಗಳ ಪಂಪುಗಳೆಲ್ಲವೂ ಒಟ್ಟಿಗೆ ಓಡತೊಡಗಲು, ಕುಂದಾಪುರ ಬೈಂದೂರುಗಳ ಘಟ್ಟದಡಿಯ ಹಳ್ಳಿಗಳಲ್ಲಾಗಲಿ, ಬ್ರಹ್ಮಾವರದ ಬೈಲುಗಳಲ್ಲಾಗಲಿ ಕೇಳಿಬರುವ ದೂರು ಒಂದೇ: ‘ಹ್ವಾಯ್, ಕರೆಂಟ್ ಇತ್ತ್, ವೋಲ್ಟೇಜ್ ಇಲ್ಲೆ.’ ದೂರು ಸತ್ಯವಾದುದೇ. ಆದರೆ ಅದು ಜನಸಂಪರ್ಕ ಸಭೆಯಲ್ಲಿ ಮಂಡಿತವಾಗುವ ಕ್ರಮದಲ್ಲಿ ಒಂದು ನ್ಯೂನತೆಯುಂಟು. ಎಷ್ಟು ಆಂಪಿಯರ್ ಹರಿಯುವಾಗ ಎಷ್ಟು ವೋಲ್ಟ್ ಕುಸಿಯಿತೆಂದು ಹೇಳುವವರಿಲ್ಲ, ಕೇಳುವವರೂ ಇಲ್ಲ; ದೊಡ್ಡ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಕೊಡಿರೆಂಬ ಬೇಡಿಕೆಗೆ, ಮೇಲಕ್ಕೆ ಬರೆದಿದ್ದೇವೆ ಎಂಬ ಉತ್ತರ ದೊರೆತು ಸಭೆ ಮುಗಿಯುತ್ತದೆ.

ಇದಕ್ಕೆ ಬೇಕಾದ ಗಣಿತವಾದರೋ ನಮ್ಮ ಹತ್ತನೆಯ ತರಗತಿಯ ಮಕ್ಕಳಿಗೆಲ್ಲ ಕಂಠಪಾಠವಾಗಿರುವಂಥದು. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ, ಗುಣಿಸಿದರೆ ಸಾಮರ್ಥ್ಯ. ಮೊದಲನೆಯದನ್ನು ಜರ್ಮನಿಯ ಓಮನು 1827ರಲ್ಲಿಯೇ ಗ್ರಂಥರೂಪದಲ್ಲಿ ಪ್ರಕಟಿಸಿದನು. ತೋಟದ ಮನೆಯೊಂದರಲ್ಲಿ ಎರಡು ಎಚ್‌ಪಿಯ ಸಿಂಗಲ್‌ಫೇಸ್ ಪಂಪು ಇದೆಯೆಂದು ಭಾವಿಸೋಣ. ಪಂಪು ನಿಂತಿರುವಾಗ ಮೀಟರು 225 ವೋಲ್ಟ್ ತೋರಿಸುತ್ತದೆ. ಪಂಪು ಓಡತೊಡಗಿದ ಮರುನಿಮಿಷದಲ್ಲಿ 195. ವೈರ್‌ಮ್ಯಾನನು ತಂತಿಗೆ ತಬ್ಬಿಸಿ ಹಿಡಿದ ಕ್ಲಾಂಪ್ ಮೀಟರಿನಲ್ಲಿ 12 ಆಂಪಿಯರ್. ಕುಸಿದ 30 ವೋಲ್ಟನ್ನು 12ರಿಂದ ಭಾಗಿಸಿದರೆ ಎರಡೂವರೆ ಓಮ್ ದೊರೆಯುವುದು, ಟಿ.ಸಿ.ಯಿಂದ ಈ ಮನೆಯವರೆಗಿನ ಹಾದಿಯ ಒಟ್ಟು ರೋಧ ಸುಮಾರಾಗಿ ಅದೇ. ಅದೇ 30ನ್ನು 12ರಿಂದ ಗುಣಿಸಿದರೆ 360 ವಾಟ್: ತೋಟಕ್ಕೆ ಹನಿ ನೀರನ್ನೂ ಎತ್ತದೆ ತಂತಿಯನ್ನಷ್ಟೇ ಕಾಯಿಸುವ ಶಕ್ತಿ. ದಿನಕ್ಕೆ ಆರು ಗಂಟೆಯಂತೆ ನೂರು ದಿನ ಪಂಪು ನಡೆದರೆ 216 ಯೂನಿಟ್ಟು ಹೀಗೆ ವ್ಯಯವಾಗುತ್ತದೆ. ಈ ನಷ್ಟ ಸಂಭವಿಸುವುದು ಮನೆಯ ಮೀಟರಿಗಿಂತ ಮೊದಲೇ ಆದಕಾರಣ, ಬಿಲ್ಲಿನಲ್ಲಿ ಅದರ ಸುಳಿವಿರುವುದಿಲ್ಲ. ಅದನ್ನು ಹೊರುವುದು ವಿತರಣಾ ಕಂಪನಿ, ಕಂಪನಿಯ ಮೂಲಕ ದರದ ರೂಪದಲ್ಲಿ ನಾವೆಲ್ಲರೂ.

ಈ ಎರಡೂವರೆ ಓಮ್ ಎಲ್ಲಿಂದ ಬಂದಿತು? ಹಳ್ಳಿಯ ಎಲ್‌ಟಿ (ಕಡಿಮೆ ವೋಲ್ಟೇಜಿನ) ಲೈನುಗಳಲ್ಲಿ ಎಳೆದಿರುವ ಅಲ್ಯೂಮಿನಿಯಂ ತಂತಿಗಳಿಗೆ ಸ್ಕ್ವಿರಲ್, ವೀಸಲ್, ರ‍್ಯಾಬಿಟ್ ಎಂದು ಪ್ರಾಣಿಗಳ ಹೆಸರುಗಳಿವೆ (ಆಂಗ್ಲರ ಈ ನಾಮಕರಣವಿಲಾಸ ಲೈನ್‌ಮ್ಯಾನರ ಬಾಯಲ್ಲಿ ಇಂದಿಗೂ ಉಳಿದಿದೆ). ವೀಸಲ್ ತಂತಿಯ ರೋಧ ಕಿಲೋಮೀಟರಿಗೆ ಸುಮಾರು 0.9 ಓಮ್, ಹೋಗುವ ಬರುವ ಎರಡು ತಂತಿಗಳು ಸೇರಿದರೆ 1.8. ಎಂದಮೇಲೆ ಸುಮಾರು 1.4 ಕಿಲೋಮೀಟರ್ ಉದ್ದದ ಲೈನಿನ ತುದಿಯ ಮನೆಗೆ ಈ ಕುಸಿತ ವಿಧಿಸಿಟ್ಟದ್ದೇ. ಟಿ.ಸಿ.ಯ ಮೇಲೆಯೇ ಹೊರೆ ಮೀರಿದ್ದರೆ ಮಾತು ಬೇರೆ; ಇಲ್ಲವಾದರೆ 63 ಕೆವಿಎ ಪೆಟ್ಟಿಗೆಯನ್ನು ತೆಗೆದು 100 ಕೆವಿಎಯದನ್ನು ಏರಿಸಿದ ಮಾತ್ರಕ್ಕೆ ತಂತಿಯ ರೋಧ ಕೂದಲೆಳೆಯಷ್ಟೂ ತಗ್ಗದು. 1956ರ ಭಾರತೀಯ ವಿದ್ಯುತ್ ನಿಯಮಗಳು ಇಂತಹ ಸರಬರಾಜಿನಲ್ಲಿ ಶೇಕಡಾ 6ಕ್ಕಿಂತ ಹೆಚ್ಚಿನ ಏರಿಳಿತವನ್ನು ಒಪ್ಪಿರಲಿಲ್ಲ. 230ಕ್ಕೆ ಆ ಅಳತೆ ಹಿಡಿದರೆ 216ರ ಕೆಳಗೆ ಇಳಿಯಕೂಡದು.

ಕುಸಿತದಿಂದ ದೀಪ ಮಂಕಾದರೆ ಸಹಿಸಬಹುದು. ನೀರು ಕಾಯಿಸುವ ಸಾವಿರ ವಾಟಿನ ಹೀಟರು 180 ವೋಲ್ಟಿನಲ್ಲಿ ಸುಮಾರು 610 ವಾಟಿಗೆ ಇಳಿದು, ಸ್ನಾನ ತಡವಾದೀತು, ಅಷ್ಟೆ. ಮೋಟಾರಿನ ಸ್ವಭಾವ ಇದಕ್ಕೆ ತದ್ವಿರುದ್ಧ. ಬಾವಿಯ ಆಳ ತಗ್ಗಲಿಲ್ಲ, ಎತ್ತಬೇಕಾದ ನೀರೂ ತಗ್ಗಲಿಲ್ಲ. ಆದುದರಿಂದ ವೋಲ್ಟೇಜ್ ಇಳಿದಷ್ಟೂ ಅದು ಹೆಚ್ಚು ಪ್ರವಾಹವನ್ನು ಸೆಳೆಯುತ್ತದೆ, ಸೆಳೆದಷ್ಟೂ ತಂತಿಯಲ್ಲಿ ಕುಸಿತ ಬೆಳೆಯುತ್ತದೆ. ಇನ್ನೂ ಇಳಿದರೆ ತಿರುಗಲಾರದೆ ಗುಂಯ್‌ಗುಟ್ಟುತ್ತ ನಿಂತು, ಓಡುವಾಗಿನದರ ಐದಾರು ಪಾಲು ಪ್ರವಾಹವನ್ನು ಎಳೆದು, ಸ್ವಲ್ಪ ಹೊತ್ತಿನಲ್ಲಿಯೇ ಕಾಯಿಲು ಸುಟ್ಟುಕೊಳ್ಳುವುದು. ರೀವೈಂಡಿಂಗಿನ ಖರ್ಚು ರೈತನ ಪಾಲಿಗೆ. ಇದರಿಂದ ಬೇಸತ್ತು ಇನ್ನೂ ದೊಡ್ಡ ಮೋಟಾರನ್ನು ಕೂರಿಸುವವರು ತಮ್ಮ ನೆರೆಯವರ ವೋಲ್ಟೇಜನ್ನೂ ನುಂಗುವರೆಂಬುದನ್ನು ನಿಷ್ಠುರವಾಗಿಯೇ ಹೇಳಬೇಕಾಗಿದೆ.

ವಿಪರ್ಯಾಸವೆಂದರೆ ಇದೇ ಸೀಮೆಯ ಹೊಸಂಗಡಿಯಲ್ಲಿ, ಭೂಗರ್ಭದೊಳಗೆ, ವಾರಾಹಿಯ ವಿದ್ಯುದಾಗಾರವಿದೆ. ತಲಾ 115 ಮೆಗಾವಾಟಿನ ನಾಲ್ಕು ಯಂತ್ರಗಳು. ಅವುಗಳಲ್ಲಿ ಒಂದರ ಸಮಸ್ತ ಉತ್ಪಾದನೆಯೂ 220 ಕಿಲೋವೋಲ್ಟಿನ ಮಾರ್ಗದಲ್ಲಿ ಸುಮಾರು 300 ಆಂಪಿಯರಿನಷ್ಟರಲ್ಲಿ ಅಡಗಿ ಘಟ್ಟವನ್ನೇರಬಲ್ಲದು. ಅದನ್ನೇ ಮನೆಯ 230 ವೋಲ್ಟಿನಲ್ಲಿ ಒಯ್ಯುವುದಾದರೆ ಐದು ಲಕ್ಷ ಆಂಪಿಯರ್ ಬೇಕಾಗುತ್ತಿತ್ತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಒಯ್ದವರೂ ಈ ತತ್ತ್ವವನ್ನೇ ಆಶ್ರಯಿಸಿದ್ದರು: ದೂರವನ್ನು ಉನ್ನತ ಒತ್ತಡದಲ್ಲಿ ಕ್ರಮಿಸಬೇಕು, ಒತ್ತಡವನ್ನು ಬಳಕೆಯ ಬಾಗಿಲಲ್ಲಿ ಇಳಿಸಬೇಕು. ಹಳ್ಳಿಗೂ ಇದೇ ಸಲ್ಲತಕ್ಕದ್ದು. 11 ಕೆ.ವಿ. ಮಾರ್ಗವನ್ನು ತೋಟದ ಅಂಚಿನವರೆಗೂ ತಂದು, ಊರಿಗೊಂದು ದೊಡ್ಡ ಟಿ.ಸಿ.ಯ ಬದಲು 25 ಕೆವಿಎಯ ಸಣ್ಣವನ್ನು ಅಲ್ಲಲ್ಲಿ ನಿಲ್ಲಿಸಿ, ಎಲ್‌ಟಿ ಲೈನನ್ನು ಕೆಲವೇ ಕಂಬಗಳಿಗೆ ಮೊಟಕುಗೊಳಿಸುವುದು ನನ್ನ ಮತದಲ್ಲಿ ಸರಿಯಾದ ಪರಿಹಾರ. ಖರ್ಚು ಹೆಚ್ಚೆಂಬ ಆಕ್ಷೇಪ ಯುಕ್ತವೇ. ಆದರೆ ಮೇಲಿನ 216 ಯೂನಿಟ್ಟುಗಳನ್ನು ತುದಿಯ ಪಂಪುಗಳ ಸಂಖ್ಯೆಯಿಂದ ಗುಣಿಸದೆ ಆ ಆಕ್ಷೇಪವನ್ನು ಎತ್ತಕೂಡದು.

ಕರಾವಳಿಯ ಅಂಚಿನ ಗಂಗೊಳ್ಳಿ, ಮರವಂತೆಗಳ ಕಥೆ ತುಸು ಬೇರೆ. ಅಲ್ಲಿ ಲೈನು ಉದ್ದವಿಲ್ಲದಿದ್ದರೂ ಉಪ್ಪುಗಾಳಿ ಕಂಬದ ಮೇಲಿನ ಜಂಪರುಗಳನ್ನು ತಿನ್ನುತ್ತದೆ. ಸಡಿಲಾದ ಒಂದು ಕೂಡಿಕೆಯಲ್ಲಿ 0.2 ಓಮ್ ಮಾತ್ರವಿದ್ದರೂ, 12 ಆಂಪಿಯರಿಗೆ ಸುಮಾರು 29 ವಾಟು ಬೆರಳುಗಾತ್ರದ ಆ ಜಾಗದಲ್ಲಿಯೇ ಕಾದು, ಕೂಡಿಕೆ ಇನ್ನಷ್ಟು ಕೆಡುವುದು. ತಂತಿಯ ಉದ್ದಕ್ಕೆ ತಕ್ಕಷ್ಟೇ ರೋಧ ಬಂದರೆ ಲೈನು ದೀರ್ಘವೆಂದೂ, ಅದಕ್ಕಿಂತ ಬಹಳ ಹೆಚ್ಚು ಬಂದರೆ ಕೂಡಿಕೆ ಕೆಟ್ಟಿದೆಯೆಂದೂ ಲೆಕ್ಕವೇ ತಿಳಿಸುತ್ತದೆ. ಒಂದಕ್ಕೆ ಲಕ್ಷಗಟ್ಟಲೆಯ ಕಾಮಗಾರಿ, ಮತ್ತೊಂದಕ್ಕೆ ಲೈನ್‌ಮ್ಯಾನನ ಅರ್ಧ ದಿನದ ಕೆಲಸ.

ಆದಕಾರಣ 2002ರಿಂದ ಈ ಸೀಮೆಗೆ ವಿದ್ಯುತ್ತು ಹಂಚುತ್ತಿರುವ ಮೆಸ್ಕಾಂ, ದೂರಿನ ಅರ್ಜಿಯಲ್ಲಿ ಮೂರು ಖಾನೆಗಳಿಗೆ ಎಡೆ ಮಾಡಲಿ: ಪಂಪು ನಿಂತಾಗಿನ ವೋಲ್ಟು, ಓಡುವಾಗಿನ ವೋಲ್ಟು, ಆಗಿನ ಆಂಪಿಯರು. ಪ್ರತಿ ಟಿ.ಸಿ.ಯ ಕಡೆಯ ಕಂಬದಲ್ಲಿ ಮಾರ್ಚ್ ಏಪ್ರಿಲಿನ ಪಂಪು ಓಡುವ ಹೊತ್ತಿನಲ್ಲಿಯೇ ಅಳತೆಯಾಗಲಿ. ಪ್ರವಾಹವಿಲ್ಲದೆ ಕುಸಿತವಿಲ್ಲ, ಮಳೆ ಹಿಡಿದು ಪಂಪುಗಳೆಲ್ಲ ನಿಂತ ಮೇಲೆ ಬಂದು, 225 ತೋರಿಸುವ ಮೀಟರನ್ನು ನೋಡಿ, ಸರಬರಾಜು ಸಮರ್ಪಕವಾಗಿದೆಯೆಂದು ಷರಾ ಬರೆಯುವ ತನಿಖೆ ತನಿಖೆಯೇ ಅಲ್ಲ.