ಇಂಚಿಗೆ 20 ಗೆರೆ

1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದಾಗ ಅವನ ಪಾಳೆಯದಲ್ಲಿ ಕ್ರಿಸ್ಟೋವಾಂವ್ ದೆ ಫಿಗೆರೆದೊ ಎಂಬ ಪೋರ್ಚುಗೀಸನಿದ್ದ. ಜೊತೆಗೆ ಅವನ ಚಿಕ್ಕ ಬಂದೂಕು ತಂಡ. ಗೋಡೆಯ ಮೇಲೆ ತಲೆ ಎತ್ತಿದವರನ್ನು ಅವರು ಹೊಡೆದು ಕೆಡವುತ್ತಿದ್ದರೆ, ಕೆಳಗಿದ್ದವರು ನಿಶ್ಚಿಂತೆಯಿಂದ ಗೋಡೆಯ ಕಲ್ಲು ಕೀಳುತ್ತಿದ್ದರು. ಕುದುರೆ ವ್ಯಾಪಾರಿ ನುನಿಜ್ ಬರೆದಿಟ್ಟ ಈ ಕಥೆಯನ್ನು ನಮ್ಮ ಕಡೆ ಹಲವರು ಬಲ್ಲರು. ಕಥೆ ಹೇಳುವಾಗ ನಳಿಗೆಯ ಮಾತು ಬರುತ್ತದೆ, ಮದ್ದಿನ ಮಾತು ಬರುತ್ತದೆ. ನಳಿಗೆಯನ್ನು ಹೊತ್ತ ಮರದ ಮಾತು ಬರುವುದಿಲ್ಲ. ಬಡಿಗೇರ ಪಾಲು ಯಾವಾಗಲೂ ಹೀಗೆಯೇ.

ಬಂದೂಕಿನ ಮರದ ಹಿಡಿಯ ಮೇಲೆ ಕೈಯಿಂದ ಚೌಕುಳಿ ಕೊರೆಯುವುದು ಬಡಗಿತನದಲ್ಲೇ ಬಹಳ ಸೂಕ್ಷ್ಮವಾದ ಕೆಲಸ. ಮೊದಲು ಎರಡು ಮುಖ್ಯ ಗೆರೆ ಎಳೆಯಬೇಕು, ಒಂದನ್ನೊಂದು ಓರೆಯಾಗಿ ದಾಟುವಂತೆ. ಮೂಡುವ ಪ್ರತಿ ಕಾಳಿನ ಉದ್ದ ಅಗಲದ ಸುಮಾರು ಮೂರು ಪಟ್ಟು ಇರಬೇಕು. ಮನೆಯಲ್ಲಿ ಶಂಕರಪಾಳಿ ಕತ್ತರಿಸಿದವರಿಗೆ ಆ ಆಕಾರ ಹೇಳಿಕೊಡಬೇಕಿಲ್ಲ. ಆಮೇಲೆ ಎರಡು ಸಾಲು ಹಲ್ಲಿನ ಸಣ್ಣ ಉಳಿ. ಒಂದು ಸಾಲು ಹಳೆಯ ಗೆರೆಯೊಳಗೆ ಓಡುತ್ತದೆ, ಇನ್ನೊಂದು ಪಕ್ಕದಲ್ಲಿ ಹೊಸದನ್ನು ಕೊರೆಯುತ್ತದೆ. ಇಂಚಿಗೆ 20 ಗೆರೆ ಹಿಡಿದರೆ ಒಂದು ಚದರ ಇಂಚಿನಲ್ಲಿ ಸುಮಾರು 240 ಕಾಳು. ಪ್ರತಿ ಗೆರೆಯೂ ಹಿಂದಿನದನ್ನೇ ನಂಬಿ ಓಡುವುದರಿಂದ, ಮೂರನೆಯದು ಕೂದಲೆಳೆಯಷ್ಟು ವಾಲಿದರೆ ಇಪ್ಪತ್ತನೆಯದು ಎದ್ದು ಕಾಣುವಷ್ಟು ಸೊಟ್ಟಗಾಗುತ್ತದೆ. ಗೆರೆಗಳೆಲ್ಲ ಬಿದ್ದ ಮೇಲೆ ಒಂಟಿ ಹಲ್ಲಿನ ಉಳಿಯಿಂದ ಎರಡು ಮೂರು ಸಲ ಆಳ ಮಾಡುತ್ತ ಕಾಳುಗಳ ತುದಿ ಚೂಪಾಗಿಸಬೇಕು. ಅಂಚಿನಲ್ಲಿ ಉಳಿ ಜಾರಿ ಒಂದು ಗೆರೆ ಹೊರಗೆ ದಾಟಿತೋ, ಅದನ್ನು ಅಳಿಸಲು ರಬ್ಬರ್ ಇಲ್ಲ. ಇಷ್ಟೆಲ್ಲ ಚಂದಕ್ಕಷ್ಟೇ ಅಲ್ಲ, ಬೆವರಿದ ಕೈ ಜಾರದಿರಲಿ ಎಂದು.

ರಾಯಚೂರು, ದೇವದುರ್ಗ, ಮಾನ್ವಿಯ ಬಡಿಗೇರ ಹುಡುಗನೊಬ್ಬ ಇಂಥ ಕೈಕೆತ್ತನೆ ಕಲಿಯಬೇಕೇ? ಕಲಿಯಲಿ ಎನ್ನುವವರ ಮಾತೂ ಬೇಡ ಎನ್ನುವವರ ಮಾತೂ ನನಗೆ ತಳ್ಳಿಹಾಕುವಂಥವಾಗಿ ಕಂಡಿಲ್ಲ.

ಬೇಡ ಎನ್ನುವವರ ಮೊದಲ ಮಾತು ಕಾನೂನಿನದು. ಈ ಸೀಮೆಗೆ ಬಂದೂಕು ಹೊಸದಲ್ಲ. ದೇವದುರ್ಗ, ಸುರಪುರದ ಬೇಡ ನಾಯಕರ ದಂಡಿನಲ್ಲಿ ಅದು ಬಿಲ್ಲಿನಷ್ಟೇ ಸಹಜವಾಗಿತ್ತು. ಆಯುಧ ಒಪ್ಪಿಸಿ ಎಂಬ ಬ್ರಿಟಿಷರ ಕಾಯ್ದೆಗೆ ಹಲಗಲಿಯ ಬೇಡರು 1857ರಲ್ಲಿ ತಿರುಗಿಬಿದ್ದರು. ಸುರಪುರದ ವೆಂಕಟಪ್ಪ ನಾಯಕ ಮರುವರ್ಷ ಸೋತ. ಇಂದು ನಡೆಯುವುದು 1959ರ ಶಸ್ತ್ರಾಸ್ತ್ರ ಕಾಯ್ದೆ. ಅದರಲ್ಲಿ ಆಯುಧವೆಂದರೆ ಅದರ ಬಿಡಿಭಾಗಗಳೂ ಸೇರಿದವು. ಬಂದೂಕು ಮಾಡುವುದಕ್ಕಷ್ಟೇ ಅಲ್ಲ, ರಿಪೇರಿ ಮಾಡುವುದಕ್ಕೂ ಲೈಸೆನ್ಸ್ ಬೇಕು. ಬೆಳೆ ಕಾಯಲೆಂದು ಲೈಸೆನ್ಸ್ ಪಡೆದ ಗೌಡರ ಬಂದೂಕಿನ ಹಿಡಿ ನಮ್ಮ ಬಿಸಿಲಿಗೆ ಸೀಳಿತೆಂದು ಊರ ಬಡಗಿ ಸುಮ್ಮನೆ ಕೈ ಹಾಕುವಂತಿಲ್ಲ. ಕೊಡಗಿನ ಸಂಗತಿ ಬೇರೆ. ಅಲ್ಲಿ ಕೊಡವರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ, ಈಗಿನದು 2029ರವರೆಗೆ. ಕೈಲ್‌ಪೊಳ್ದ್ ದಿನ ಕೋವಿಗೆ ಪೂಜೆಯೂ ಆಗುತ್ತದೆ. ನಮ್ಮ ಎಡೆದೊರೆ ನಾಡಿನಲ್ಲಿ ಕೂತು ಅಷ್ಟು ದೂರದ ಗಿರಾಕಿಯನ್ನು ನೆಚ್ಚಿ ಕಸುಬು ಕಟ್ಟಲಾದೀತೇ?

ಎರಡನೆಯದು ರೊಕ್ಕದ ಮಾತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಮಾನ್ವಿ ಕಡೆ ಭತ್ತ ತಂದಿತು, ಭತ್ತ ಮನೆ ಕಟ್ಟಿಸಿತು. ಆ ಮನೆಗಳ ತಲಬಾಗಿಲಿನ ಮೇಲಿನ ಲಕ್ಷ್ಮಿ, ಆನೆ, ಬಳ್ಳಿ ಹೆಚ್ಚಾಗಿ ಕಂಪ್ಯೂಟರ್ ಹೇಳಿದಂತೆ ಓಡುವ ಸಿಎನ್‌ಸಿ ಯಂತ್ರದವು. ಕೈಗೆ ವಾರಗಟ್ಟಲೆ ಹಿಡಿಯುವ ಹಲಗೆಯನ್ನು ಅದು ಗಂಟೆಗಳ ಲೆಕ್ಕದಲ್ಲಿ ಇಳಿಸುತ್ತದೆ. "ಕೈಯಾಗ ಕೆತ್ತಿದ್ರ ಹೆಚ್ಚಿಗಿ ರೊಕ್ಕ ಯಾರ್ ಕೊಡ್ತಾರಪ್ಪ?" ಎಂಬ ಪ್ರಶ್ನೆಗೆ ಕಲೆಯ ಹೆಸರಿನಲ್ಲಿ ಉಪದೇಶ ಕೊಟ್ಟರೆ ಹೊಟ್ಟೆ ತುಂಬುವುದಿಲ್ಲ. ಕೂರಿಗೆ, ಕುಂಟೆ, ಬಂಡಿಗಾಲಿ ಮಾಡಿ ಸುಗ್ಗಿಯಲ್ಲಿ ಆಯದ ಜೋಳ ತರುತ್ತಿದ್ದ ಅಜ್ಜನ ಕಾಲ ಟ್ರ್ಯಾಕ್ಟರಿನೊಂದಿಗೆ ಮುಗಿಯಿತು. ದೇವದುರ್ಗದ ಹಳ್ಳಿಗಳಿಂದ ಬೆಂಗಳೂರಿಗೆ ದುಡಿಯಲು ಹೋಗುವವರಿಗೆ, ಊರಲ್ಲೇ ಕೂತು ಐದು ವರ್ಷ ಉಳಿ ಹಿಡಿ ಎನ್ನಲು ನನಗಂತೂ ಬಾಯಿ ಬರುವುದಿಲ್ಲ. ಹಾಗೆ ಹೇಳುವವರ ಮನೆಯ ಬಾಗಿಲು ಯಾವುದರಲ್ಲಿ ಕೊರೆದದ್ದು ಎಂದು ಒಮ್ಮೆ ನೋಡಬೇಕು.

ಆದರೆ ಯಂತ್ರದ ಪರ ಮಾತಾಡುವವರು ಒಂದನ್ನು ಮರೆಯುತ್ತಾರೆ. ಸಾಮಾನ್ಯವಾಗಿ ಸಿಗುವ ಯಂತ್ರ ಸಪಾಟು ಹಲಗೆಗೆ ಹೇಳಿ ಮಾಡಿಸಿದ್ದು. ಬಂದೂಕಿನ ಹಿಡಿಯಂತೆ ಸುತ್ತಲೂ ದುಂಡಗಿರುವ ಮರ ಸಿಕ್ಕಿದರೆ ಅದಕ್ಕೆ ಮರವನ್ನು ತಿರುಗಿಸಿಕೊಡುವ ದುಬಾರಿ ಏರ್ಪಾಡು ಬೇಕು. ಯಂತ್ರದ ತಿರುಗುವ ಬಿಟ್ ದುಂಡಗಿರುವುದರಿಂದ ಒಳಮೂಲೆಯೂ ದುಂಡಗೇ ಉಳಿಯುತ್ತದೆ. ಚೂಪು ಮಾಡಲು ಕೊನೆಗೆ ಉಳಿಯೇ ಬರಬೇಕು. ಮರದ ನಾರು ಎಲ್ಲಿ ತಿರುಗಿತು, ಎಲ್ಲಿ ಗಂಟು ಇದೆ ಎಂಬುದು ಬಿಟ್ಟಿಗೆ ತಿಳಿಯದು. ತೇಗದ ರಂಧ್ರಗಳು ದೊಡ್ಡವು, ಅದರಲ್ಲಿ ತೀರ ಒತ್ತಾಗಿ ಗೆರೆ ಎಳೆದರೆ ಕಾಳಿನ ತುದಿ ಉದುರುತ್ತದೆ. ಬಂದೂಕಿಗೆ ಅಕ್ರೋಟ ಮರವನ್ನು ಆರಿಸಿಕೊಂಡದ್ದಕ್ಕೆ ಇದೂ ಒಂದು ಕಾರಣ. ಹೀಗೆ ಮರವನ್ನು ಓದುವುದು ಕೈಯಿಂದ ಕೊರೆದವನಿಗೇ ಬರುವುದು. ಹಾಗೆ ಕಲಿತವನು ನಾಳೆ ಯಂತ್ರದ ಮುಂದೆ ನಿಂತರೂ ಬಿಟ್ಟನ್ನು ಯಾವ ಕಡೆಯಿಂದ ಓಡಿಸಬೇಕೆಂದು ಬಲ್ಲ.

ಅಮೆರಿಕದ ವಿಂಚೆಸ್ಟರ್ ಕಂಪನಿಯ ಕಥೆಯನ್ನು ಎರಡೂ ಕಡೆಯವರು ತಮ್ಮ ಸಾಕ್ಷಿಗೆ ಕರೆಯುತ್ತಾರೆ. 1964ರಲ್ಲಿ ಖರ್ಚು ಉಳಿಸಲು ಅದು ತನ್ನ ಹೆಸರಾಂತ ಮಾಡೆಲ್ 70 ರೈಫಲಿನ ಚೌಕುಳಿಯನ್ನು ಕೊರೆಯುವುದು ಬಿಟ್ಟು ಅಚ್ಚೊತ್ತಿತು. ಕೊಳ್ಳುವವರು ಮುನಿದರು. ಆ ವರ್ಷಕ್ಕಿಂತ ಹಿಂದಿನವಕ್ಕೆ ಈಗಲೂ ಬೇರೆಯೇ ಬೆಲೆ. ನೋಡಿ, ಕೈಯದ್ದೇ ಗೆದ್ದಿತು ಎನ್ನಬಹುದು. ಆದರೆ ಕೆಲವೇ ವರ್ಷಗಳಲ್ಲಿ ಅದೇ ಕಾರ್ಖಾನೆ ಯಂತ್ರದಿಂದಲೇ ಕೊರೆದ ಗೆರೆಗೆ ಬಂತು, ಗಿರಾಕಿ ಮತ್ತೆ ಕೊಂಡ. ಅವನ ಸಿಟ್ಟು ಕಳಪೆ ಕೆಲಸದ ಮೇಲಿತ್ತು, ಯಂತ್ರದ ಮೇಲಲ್ಲ.

ಹತ್ತಿರದ ಸಾಕ್ಷಿ ಬೇಕೆಂದರೆ ಕಿನ್ನಾಳ. 1997ರಲ್ಲಿ ಕೊಪ್ಪಳ ಬೇರೆ ಜಿಲ್ಲೆಯಾಗುವವರೆಗೆ ಅದು ನಮ್ಮ ರಾಯಚೂರು ಜಿಲ್ಲೆಯ ಊರೇ. ಹಗುರ ಮರದಲ್ಲಿ ದೇವರು, ವಾಹನ, ಗೊಂಬೆ ಕೆತ್ತಿ, ಹುಣಸೆಬೀಜದ ಅಂಟು ಸೇರಿಸಿದ ಕಿಟ್ಟದಿಂದ ಮೈ ತಿದ್ದಿ ಬಣ್ಣ ಹಚ್ಚುವ ಚಿತ್ರಗಾರರ ಕೆಲಸಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಅಲ್ಲಿ ಕೈ ಉಳಿದದ್ದು ಕೈಗೆ ಹೆಸರಿದೆ ಎಂದು, ಆ ಹೆಸರಿಗೆ ಕೊಳ್ಳುವವನಿದ್ದಾನೆ ಎಂದು. ಮಾನ್ವಿಯ ಬಾಗಿಲಿಗೆ ಆ ಹೆಸರಿಲ್ಲ. ಹೆಸರಿದ್ದೂ ಕಿನ್ನಾಳದಲ್ಲಿ ಇಂದು ಈ ಕೆಲಸಕ್ಕೆ ಕೂತ ಮನೆಗಳು ಕೆಲವೇ.

ಸರ್ಕಾರ ಏನೂ ಮಾಡಿಲ್ಲ ಎನ್ನುವಂತಿಲ್ಲ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿ, ಗೊಂಬೆ ಮಾಡುವವ, ಅಷ್ಟೇಕೆ, ಆಯುಧ ಮಾಡುವವನೂ ಇದ್ದಾನೆ. ಉಪಕರಣಕ್ಕೆ 15,000 ರೂಪಾಯಿ, ತರಬೇತಿಯ ದಿನಕ್ಕೆ 500. ಮೊದಲ ಹಂತದ ತರಬೇತಿ ಐದರಿಂದ ಏಳು ದಿನ. ರೊಕ್ಕ ಬೇಡವೆನ್ನುವವರಾರು? ಆದರೆ ಏಳು ದಿನದಲ್ಲಿ ಉಳಿಯ ಬಾಯಿ ಸರಿಯಾಗಿ ಮಸೆಯುವುದು ಕಲಿತರೆ ದೊಡ್ಡದು. ದೇವದುರ್ಗದಿಂದ ಕೃಷ್ಣೆ ದಾಟಿದರೆ ತಿಂಥಣಿ ಮೌನೇಶ್ವರನ ಸನ್ನಿಧಿ, ವಿಶ್ವಕರ್ಮರ ಮನೆಮನೆಯ ದೇವರು. ಅಲ್ಲಿಗೆ ನಡೆದುಕೊಳ್ಳುವ ಹಿರಿಯ ಬಡಿಗೇರ ಯಾರನ್ನು ಕೇಳಿದರೂ ಕಲಿಕೆಯನ್ನು ವರ್ಷಗಳಲ್ಲಿ ಹೇಳುತ್ತಾರೆಯೇ ಹೊರತು ದಿನಗಳಲ್ಲಲ್ಲ.

ನನ್ನನ್ನು ಕೇಳಿದರೆ, ಯಂತ್ರ ಕಲಿಯಬೇಕಾದ ಹುಡುಗ ಯಂತ್ರವನ್ನೇ ಕಲಿಯಲಿ, ಹೊಟ್ಟೆಪಾಡಿಗೆ ಅದೇ ಸರಿ. ಅದಕ್ಕೆ ಮುಂಚೆ ಒಂದು ಆರು ತಿಂಗಳು ಉಳಿ ಹಿಡಿದಿರಲಿ ಎಂಬಷ್ಟೇ ನನ್ನ ಹಟ. ಅದಕ್ಕೆ ಬಂದೂಕು ಬೇಡ, ಲೈಸೆನ್ಸೂ ಬೇಡ. ಸಪಾಟು ಚೂರಿನ ಮೇಲೆ ಇಂಚಿಗೆ 16 ಗೆರೆಯಿಂದ ಶುರು ಮಾಡಿ, ಕೈ ಪಳಗಿದ ಮೇಲೆ ದುಂಡು ಮರಕ್ಕೆ ಹೋಗಬಹುದು. ಲಟ್ಟಣಿಗೆಯ ಹಿಡಿ ಸಾಕು. ಜೋಳದ ರೊಟ್ಟಿ ಬಡಿಯುವ ಮನೆಗಳಲ್ಲಿ ಅದಕ್ಕೆ ಹೇಗೂ ಪುರುಸೊತ್ತು ಜಾಸ್ತಿ. ಇಲ್ಲವೇ ಕುಡುಗೋಲಿನ ಕಾವು. ಮೇ ತಿಂಗಳ ರಾಯಚೂರಿನಲ್ಲಿ ಬೆವರದ ಕೈ ಯಾವುದಿದೆ, ಚೌಕುಳಿಯ ಉಪಯೋಗ ಅಲ್ಲೇ ಗೊತ್ತಾಗುತ್ತದೆ. ಮಾನ್ವಿಯ ಭತ್ತದ ಗದ್ದೆಗಳಿಗೆ ಕೊಯ್ಲಿನ ಯಂತ್ರ ಬಂದು ಕುಡುಗೋಲು ಮೂಲೆ ಸೇರಿದ್ದೂ ನಿಜ. ಹುಲ್ಲು ಕೊಯ್ಯಲು, ಬದುವಿನ ಮುಳ್ಳು ಸವರಲು ಮಾತ್ರ ಇನ್ನೂ ಅದನ್ನೇ ಹುಡುಕುತ್ತಾರೆ.