ಬಾಲಕರೂ ಅವರ ಒಡನಾಡಿಗಳೂ

ದೇವಸಮುದ್ರವು ಸೇರಿರುವ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕ ಚಕ್ರವರ್ತಿಯ ಶಾಸನವೊಂದುಂಟು. 1892ರಲ್ಲಿ ರೈಸ್ ಸಾಹೇಬರು ಬೆಳಕಿಗೆ ತಂದ ಈ ಶಾಸನವು ತಾಯಿತಂದೆಗಳ ಮಾತನ್ನು ಕೇಳಬೇಕೆಂದೂ, ಸತ್ಯವನ್ನು ನುಡಿಯಬೇಕೆಂದೂ, ಶಿಷ್ಯನು ಗುರುವನ್ನು ಗೌರವಿಸಬೇಕೆಂದೂ ವಿಧಿಸುತ್ತದೆ. ಒಡನಾಡಿಗಳ ಪ್ರಸ್ತಾಪವು ಅದರಲ್ಲಿಲ್ಲ. ಆದರೆ ಹದಿನಾಲ್ಕು ಹದಿನೈದು ವರ್ಷದ ಹುಡುಗನಿಗೆ ತಂದೆಯ ಹೊಗಳಿಕೆಗಿಂತಲೂ ಜೊತೆಗಾರರ ಒಂದು ನಗೆಯೇ ಹೆಚ್ಚು ಆಳವಾಗಿ ನಾಟುತ್ತದೆಂಬುದನ್ನು ಮಕ್ಕಳನ್ನು ಬಲ್ಲವರಾರೂ ಅಲ್ಲಗಳೆಯಲಾರರು.

ಮಹಾತ್ಮಾ ಗಾಂಧಿಯವರು ತಮ್ಮ ಆತ್ಮಕಥೆಯಲ್ಲಿ ಇದನ್ನು ಮರೆಮಾಚದೆ ಹೇಳಿಕೊಂಡಿರುವರು. ಓಟದಲ್ಲಿಯೂ ನೆಗೆತದಲ್ಲಿಯೂ ಗಟ್ಟಿಗನಾಗಿದ್ದ ಗೆಳೆಯನೊಬ್ಬನ ಪಕ್ಕದಲ್ಲಿ ತಮ್ಮನ್ನು ನಿಲ್ಲಿಸಿ ನೋಡಿಕೊಂಡು, ಕಳ್ಳರಿಗೂ ದೆವ್ವಗಳಿಗೂ ಹಾವುಗಳಿಗೂ ಅಂಜುವ ತಾವು ಹೇಡಿಗಳೆಂದು ಅವರು ಭಾವಿಸಿದರು. ಅವನ ಮಾತಿಗೆ ಒಲಿದು ಮಾಂಸವನ್ನೂ ತಿಂದರು. ತಾಯಿ, ಹಿರಿಯ ಅಣ್ಣ, ಪತ್ನಿ ಮೂವರೂ ಆ ಸಹವಾಸ ಸಲ್ಲದೆಂದು ಎಚ್ಚರಿಸಿದ್ದರು. ಎಚ್ಚರಿಕೆಯು ಫಲಿಸಲಿಲ್ಲ. ಅಂತಹವರಲ್ಲಿಯೇ ಫಲಿಸದ ಉಪದೇಶವು ನಮ್ಮ ಮನೆಗಳಲ್ಲಿ ಫಲಿಸೀತೆಂದು ನಂಬಿ ದಿನವೂ ಗದರಿಸುತ್ತಿರುವ ತಂದೆಗಳನ್ನು ಕಂಡರೆ ನಮಗೆ ಕನಿಕರವುಂಟಾಗುತ್ತದೆ.

ದೇವಸಮುದ್ರದ ಸೀಮೆಯಲ್ಲಿ ಈ ವಿಷಯಕ್ಕೆ ಇನ್ನೊಂದು ಮುಖವುಂಟು. 1953ರ ಅಕ್ಟೋಬರ್ 1ರಂದು ನೆರೆಯ ರಾಯದುರ್ಗವು ಆಂಧ್ರಕ್ಕೆ ಸೇರಿತು. ಗಡಿಯು ಗೆರೆಯಾಯಿತೇ ಹೊರತು ಮನೆಮಾತುಗಳು ಆ ಗೆರೆಯನ್ನು ಅನುಸರಿಸಲಿಲ್ಲ. ಈಚೆಯ ಅನೇಕ ಮನೆಗಳಲ್ಲಿ ತೆಲುಗು, ಆಚೆಯ ಅನೇಕ ಮನೆಗಳಲ್ಲಿ ಕನ್ನಡ. ತೆಲುಗು ಮನೆಮಾತಿನ ಬಾಲಕನು ತರಗತಿಯಲ್ಲಿ ಎದ್ದುನಿಂತು ಪಾಠವನ್ನೋದುವಾಗ ಒಂದು ಉಚ್ಚಾರವು ಜಾರಿದರೆ ಹಿಂದಿನ ಸಾಲಿನವರು ನಗುವರು. ನಾಲ್ಕು ಸಲ ಹೀಗಾದರೆ ಐದನೆಯ ಸಲ ಅವನು ಉತ್ತರ ಬಲ್ಲವನಾದರೂ ಏಳುವುದಿಲ್ಲ. ತಾನು ದಡ್ಡನೆಂದು ನಂಬುವನು. ಉಪಾಧ್ಯಾಯರೂ ಅದನ್ನೇ ನಂಬುವರು. ಕನ್ನಡವು ತನ್ನನ್ನು ಅವಮಾನಿಸಿದ ಭಾಷೆಯೆಂಬ ಕಹಿಯು ಅವನಲ್ಲಿ ಉಳಿಯುವುದು. ಗಡಿಯಲ್ಲಿ ಕನ್ನಡವು ಬೆಳೆಯಲಿ ಎಂದು ಸಭೆಗಳಲ್ಲಿ ಗರ್ಜಿಸುವ ನಾವು ಇಂತಹ ನಗೆಯನ್ನು ಹುಡುಗಾಟವೆಂದು ತಳ್ಳಿಬಿಡುವುದು ಸರಿಯೇ? ಆಚೆಯ ಕನ್ನಡ ಮಕ್ಕಳಿಗೆ ಹೀಗಾದರೆ ನಾವು ಸುಮ್ಮನಿರುವೆವೇ?

ಗೆಳೆಯರಿಂದ ಮಕ್ಕಳನ್ನು ಬಿಡಿಸುವುದು ಸಾಧ್ಯವಲ್ಲ, ಬೇಕಾಗಿಯೂ ಇಲ್ಲ. ಅದೇ ಬಾಲಕನು ಕಬಡ್ಡಿಯಲ್ಲಿ ಎದುರಾಳಿಗಳನ್ನು ಹೊಡೆದು ಬಂದಾಗ ಬೆನ್ನು ತಟ್ಟುವವರೂ ಆ ಹಿಂದಿನ ಸಾಲಿನವರೇ. ಆದುದರಿಂದ ತಂಡಗಳನ್ನು ಊರು, ಕೇರಿ, ಮನೆಮಾತುಗಳೆಂದು ಒಡೆಯದೆ ಬೆರೆಸಿ ಕಟ್ಟಬೇಕು. ಶಾಲೆಯ ನಾಟಕದಲ್ಲಿ ನಾಲಗೆ ತೊಡರುವ ಹುಡುಗನಿಗೂ ಒಂದು ಪಾತ್ರವನ್ನು ಕೊಟ್ಟು, ಅವನ ಮಾತನ್ನು ತಿದ್ದುವ ಹೊಣೆಯನ್ನು ನಕ್ಕವರ ಪೈಕಿ ಒಬ್ಬನಿಗೇ ವಹಿಸಬೇಕು. ಇದಕ್ಕೆ ಸರ್ಕಾರದ ಅಪ್ಪಣೆಯಾಗಲಿ ಹಣವಾಗಲಿ ಬೇಕಾಗಿಲ್ಲ. ಬರುವ ವಾರ್ಷಿಕೋತ್ಸವದಲ್ಲಿಯೇ ಮುಖ್ಯೋಪಾಧ್ಯಾಯರು ಇದನ್ನು ಮಾಡಿ ನೋಡಬಹುದು.