ಕ್ಷಮಿಸುವ ಹಕ್ಕು ಯಾರದು?

1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಜನರು ನಿದ್ರೆಯಲ್ಲಿದ್ದರು. ಯೂನಿಯನ್ ಕಾರ್ಬೈಡ್ ಕೀಟನಾಶಕ ಕಾರ್ಖಾನೆಯ ತೊಟ್ಟಿಯೊಂದಕ್ಕೆ ನೀರು ಸೇರಿ, ಸುಮಾರು 40 ಟನ್ ಮೀಥೈಲ್ ಐಸೋಸಯನೇಟ್ ಎಂಬ ವಿಷಾನಿಲವು ಹೊರಚಿಮ್ಮಿತು. ಅದು ಮೊದಲು ಹೊಕ್ಕದ್ದು ಕಾರ್ಖಾನೆಯ ಗೋಡೆಗೆ ಅಂಟಿಕೊಂಡಿದ್ದ ಜೆ.ಪಿ. ನಗರ, ಕಾಜಿ ಕ್ಯಾಂಪ್‌ಗಳಂತಹ ಬಡವರ ಬಸ್ತಿಗಳನ್ನು. ಹಿಂದೂಗಳೂ ಮುಸ್ಲಿಮರೂ ಒಂದೇ ಗಲ್ಲಿಯಲ್ಲಿ ಉಸಿರುಗಟ್ಟಿ ಬಿದ್ದರು. ಸಾವಿರಾರು ಮಂದಿ ಅಸುನೀಗಿದರು. ಬಾಧಿತರ ಸಂಖ್ಯೆ ಸರಕಾರದ ಲೆಕ್ಕದಲ್ಲೇ ಐದೂವರೆ ಲಕ್ಷವನ್ನು ಮೀರಿದೆ.

ಇಂತಹ ದುರಂತದ ಮಾತು ಬಂದಾಗ ನಮ್ಮಲ್ಲಿ ಅನೇಕರು, ಎಲ್ಲವೂ ತಕ್ದೀರ್ ಎಂದು ನಿಟ್ಟುಸಿರುಬಿಟ್ಟು ಸುಮ್ಮನಾಗುತ್ತಾರೆ. ವಿಧಿಯ ಮೇಲಿನ ವಿಶ್ವಾಸವು ನಮ್ಮ ಈಮಾನಿನ ಅಂಗ, ನಿಜ. ಆದರೆ ಅದು ಮಗುವನ್ನು ಕಳೆದುಕೊಂಡ ತಾಯಿಗೆ ಸಾಂತ್ವನವೇ ಹೊರತು ಅಪರಾಧಿಗೆ ರಕ್ಷಾಕವಚವಲ್ಲ. ಆ ರಾತ್ರಿ ಅನಿಲವನ್ನು ತಂಪಾಗಿಡುವ ಶೀತಲ ಘಟಕವು ಕೆಲಸ ಮಾಡುತ್ತಿರಲಿಲ್ಲ. ತಿಂಗಳುಗಳ ಹಿಂದೆಯೇ ಅದನ್ನು ನಿಲ್ಲಿಸಲಾಗಿತ್ತು. ಸೋರಿದ ಅನಿಲವನ್ನು ಸುಟ್ಟುಹಾಕಬೇಕಿದ್ದ ಗೋಪುರದ ಕೊಳವೆಯನ್ನು ಕಳಚಿಡಲಾಗಿತ್ತು. ಇವನ್ನೆಲ್ಲ ಮಾಡಿದ್ದು ವಿಧಿಯಲ್ಲ, ಮನುಷ್ಯರು. ಅವರು ಉತ್ತರಿಸಲೇಬೇಕು.

ಇಸ್ಲಾಮಿನಲ್ಲಿ ಹಕ್ಕುಗಳು ಎರಡು ಬಗೆ: ಅಲ್ಲಾಹನ ಹಕ್ಕುಗಳು ಮತ್ತು ದಾಸರ ಹಕ್ಕುಗಳು. ಮೊದಲನೆಯದರಲ್ಲಿ ಲೋಪವಾದರೆ ಪ್ರಾಮಾಣಿಕ ತೌಬಾದಿಂದ ಕ್ಷಮೆಯ ನಿರೀಕ್ಷೆಯಿದೆ. ಎರಡನೆಯದರಲ್ಲಿ ಹಾಗಲ್ಲ. ಅನ್ಯಾಯಕ್ಕೊಳಗಾದವನಿಗೆ ಅವನ ಹಕ್ಕನ್ನು ಮರಳಿಸಬೇಕು, ಇಲ್ಲವೇ ಅವನೇ ಮನ್ನಿಸಬೇಕು. ನಮಾಝ್, ಉಪವಾಸಗಳ ರಾಶಿಯೊಂದಿಗೆ ಬಂದರೂ, ಜನರ ಹಕ್ಕು ಕಸಿದವನು ಪರಲೋಕದಲ್ಲಿ ದಿವಾಳಿಯಾಗುವನೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ.

ಈ ಮಾನದಂಡದಿಂದ ಭೋಪಾಲವನ್ನು ಅಳೆದು ನೋಡಿ. ಸಂತ್ರಸ್ತರ ಪರವಾಗಿ ವಾದಿಸುವ ಅಧಿಕಾರವನ್ನು 1985ರ ಕಾನೂನೊಂದರ ಮೂಲಕ ಸರಕಾರವು ತನ್ನದಾಗಿಸಿಕೊಂಡಿತು. 1989ರಲ್ಲಿ ಅದು 47 ಕೋಟಿ ಡಾಲರಿಗೆ ಕಂಪೆನಿಯೊಂದಿಗೆ ರಾಜಿ ಮಾಡಿಕೊಂಡಿತು. ಮಕ್ಕಳನ್ನು ಮಣ್ಣು ಮಾಡಿದವರನ್ನು ಒಂದು ಮಾತು ಕೇಳಲಿಲ್ಲ. ಕ್ರಿಮಿನಲ್ ಪ್ರಕರಣಗಳನ್ನೂ ಕೈಬಿಡಲಾಗಿತ್ತು. 1991ರಲ್ಲಿ ಸುಪ್ರೀಂ ಕೋರ್ಟ್ ಅವನ್ನು ಪುನಃ ತೆರೆಯಿತು. 2010ರಲ್ಲಿ ಭಾರತೀಯ ಅಧಿಕಾರಿಗಳಿಗೆ ವಿಧಿಸಲಾದ ಶಿಕ್ಷೆ ಎರಡು ವರ್ಷ. ಜಾಮೀನು ಕೂಡಲೇ ದೊರೆಯಿತು. ಅಮೆರಿಕದ ಮುಖ್ಯಸ್ಥ ವಾರೆನ್ ಆಂಡರ್ಸನ್ ವಿಚಾರಣೆಗೆ ಬಾರದೆಯೇ 2014ರಲ್ಲಿ ತೀರಿಕೊಂಡರು. ಪರಿಹಾರವನ್ನು ಹೆಚ್ಚಿಸುವ ಅರ್ಜಿಯೂ 2023ರಲ್ಲಿ ವಜಾಗೊಂಡಿತು. ತನ್ನದಲ್ಲದ ಹಕ್ಕನ್ನು ಇನ್ನೊಬ್ಬರು ಮನ್ನಿಸಲು ಸಾಧ್ಯವೇ?

ಹಾನಿಯು ಆ ರಾತ್ರಿಗೆ ಮುಗಿಯಲೂ ಇಲ್ಲ. ಕಾರ್ಖಾನೆಯು ಮಣ್ಣಿನಲ್ಲಿ ಹೂತಿಟ್ಟ ತ್ಯಾಜ್ಯವು ಅಂತರ್ಜಲಕ್ಕೆ ಇಳಿಯಿತು. ಅನಿಲದಿಂದ ಪಾರಾದವರು ಕೊಳವೆಬಾವಿಯ ನೀರಿನಿಂದ ವಿಷ ಕುಡಿದರು. 2001ರಲ್ಲಿ ಕಂಪೆನಿಯನ್ನು ಕೊಂಡ ಡೌ ಕೆಮಿಕಲ್, ಆಸ್ತಿಯನ್ನು ಪಡೆದರೂ ಹೊಣೆಯನ್ನು ಒಪ್ಪಲಿಲ್ಲ. ಅಂಗಳದಲ್ಲಿ ಉಳಿದಿದ್ದ 337 ಟನ್ ತ್ಯಾಜ್ಯವು ಅಲ್ಲಿಂದ ಹೊರಟದ್ದು 2025ರ ಜನವರಿಯಲ್ಲಿ, ನಲವತ್ತು ವರ್ಷಗಳ ನಂತರ. ಹೋದದ್ದಾದರೂ ಪೀಥಂಪುರಕ್ಕೆ, ಅಲ್ಲಿನ ಜನರು ಪ್ರತಿಭಟಿಸಿದರು.

ಆದರೂ ಸಂತ್ರಸ್ತರು ಕೈಕಟ್ಟಿ ಕೂರಲಿಲ್ಲ. ಅಬ್ದುಲ್ ಜಬ್ಬಾರ್ 2019ರಲ್ಲಿ ಮರಣ ಹೊಂದುವವರೆಗೂ ಅನಿಲಪೀಡಿತ ಮಹಿಳೆಯರನ್ನು ಸಂಘಟಿಸಿದರು. ರಶೀದಾ ಬೀ ಮತ್ತು ಚಂಪಾದೇವಿ ಶುಕ್ಲಾ 2004ರಲ್ಲಿ ದೊರೆತ ಗೋಲ್ಡ್‌ಮನ್ ಪ್ರಶಸ್ತಿಯ ಹಣದಿಂದ ಚಿಂಗಾರಿ ಟ್ರಸ್ಟ್ ಕಟ್ಟಿ, ಅಂಗವೈಕಲ್ಯದೊಂದಿಗೆ ಹುಟ್ಟಿದ ಮಕ್ಕಳ ಆರೈಕೆಗೆ ನಿಂತರು. ಸಬ್ರ್ ಎಂದರೆ ಇದು. ಅದು ಮೌನವಲ್ಲ, ಸತ್ಯದ ಮೇಲೆ ಅಚಲವಾಗಿ ನಿಲ್ಲುವುದು.

ಕಂಪೆನಿಗಳನ್ನು ದೂರುವ ಮುನ್ನ ನಮ್ಮ ಅಂಗಳವನ್ನೂ ನೋಡಿಕೊಳ್ಳೋಣ. ನಮ್ಮ ಅಂಗಡಿಯ, ಕಾರ್ಖಾನೆಯ ಕೊಳಕು ನೀರು ಯಾರ ಮನೆಯ ಮುಂದೆ ಹರಿಯುತ್ತಿದೆ? ಝಕಾತ್ ಕೊಟ್ಟ ಮಾತ್ರಕ್ಕೆ ನೆರೆಯವನ ಬಾವಿಯನ್ನು ಕೆಡಿಸಿದ ಪಾಪವು ತೊಳೆದು ಹೋಗದು. ನಮ್ಮ ಮೊಹಲ್ಲಾದ ಬಳಿ ಕಾರ್ಖಾನೆಯೊಂದು ಬರುವುದಾದರೆ ಅಹವಾಲು ಸಭೆಗೆ ಹೋಗಿ ಪ್ರಶ್ನಿಸೋಣ. ಬೇರೆ ಧರ್ಮದವರ ಬಸ್ತಿಯ ಬಳಿ ಬರುವುದಾದರೂ ಅಷ್ಟೇ ಕಾಳಜಿಯಿಂದ ಹೋಗೋಣ.

ಇನ್ನೊಬ್ಬರ ಹಕ್ಕಿನ ಭಾರವನ್ನು ಹೊತ್ತು ತನ್ನ ಮುಂದೆ ನಿಲ್ಲುವ ದುರ್ಗತಿಯಿಂದ ಅಲ್ಲಾಹನು ನಮ್ಮೆಲ್ಲರನ್ನು ಕಾಪಾಡಲಿ. ಆಮೀನ್.